ಶುಗರ್ ಇರುವವರ ಪಾದ: ನೋವಿಲ್ಲ ಎಂದು ಸುಮ್ಮನಿರಬೇಡಿ

ನೆಲ ಒರೆಸುವಾಗ ಅಲ್ಲಲ್ಲಿ ರಕ್ತದ ಕಲೆ ಕಾಣುತ್ತದೆ. ಯಾರ ಕಾಲಿಗೆ ಏನಾಯಿತೆಂದು ವಿಚಾರಿಸಿದ ಮೇಲಷ್ಟೇ ಮನೆಯ ಯಜಮಾನರು ಕಾಲೆತ್ತಿ ನೋಡಿಕೊಳ್ಳುತ್ತಾರೆ. ಅಂಗಾಲಿನಲ್ಲಿ ಗಾಜಿನ ಚೂರೋ ಚಿಕ್ಕ ಮೊಳೆಯೋ ನಾಟಿರುತ್ತದೆ. ಅದು ಬೆಳಿಗ್ಗೆ ಚುಚ್ಚಿತೋ ನಿನ್ನೆ ಚುಚ್ಚಿತೋ ಅವರಿಗೇ ತಿಳಿದಿರುವುದಿಲ್ಲ. "ನೋವೇ ಇಲ್ಲ ಬಿಡೇ, ಸ್ವಲ್ಪ ಅರಿಶಿನ ಇಟ್ಟರೆ ಹೋಗುತ್ತೆ" ಎಂದು ಎದ್ದು ಹೋಗುತ್ತಾರೆ. ಹಳೆಯ ಶುಗರ್ ಇರುವವರ ಮನೆಗಳಲ್ಲಿ ಇಂಥ ಮಾತು ಆಗಾಗ ಕೇಳಿಬರುತ್ತದೆ. ಕಾಲು ಕಳೆದುಕೊಂಡ ಎಷ್ಟೋ ಜನರ ಕಥೆ ಶುರುವಾಗುವುದೂ ಈ ಮಾತಿನಿಂದಲೇ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಶುಗರ್ ಇದೆಯೆಂದು ತಿಳಿದಿರುವ ಅನೇಕರು ಸಕ್ಕರೆಯ ಅಂಕಿ ಎಷ್ಟೆಂದು ಕೇಳಿದರೆ ಥಟ್ಟನೆ ಹೇಳುತ್ತಾರೆ. ತಮ್ಮ ಅಂಗಾಲನ್ನು ಕೊನೆಯ ಸಲ ಯಾವಾಗ ನೋಡಿಕೊಂಡಿರಿ ಎಂದರೆ ಉತ್ತರವಿರುವುದಿಲ್ಲ. ಮಧುಮೇಹಿಗಳಲ್ಲಿ ಕಾಲು ಕತ್ತರಿಸಬೇಕಾಗಿ ಬಂದ ಪ್ರಕರಣಗಳನ್ನು ಹಿಂದಕ್ಕೆ ಹುಡುಕುತ್ತ ಹೋದರೆ, ನೂರರಲ್ಲಿ ಸುಮಾರು 85ರಲ್ಲಿ ಮೊದಲು ಪಾದದಲ್ಲೊಂದು ಹುಣ್ಣು ಆಗಿತ್ತೆಂದು ಗೊತ್ತಾಗುತ್ತದೆ. ಆ ಹುಣ್ಣನ್ನು ತಡೆಯಲು ಬೇಕಾದ ಹೆಚ್ಚಿನ ಕೆಲಸ ಮನೆಯಲ್ಲೇ, ಖರ್ಚಿಲ್ಲದೆ ಆಗುವಂಥದ್ದು.

ನೋವು ಹೋದರೆ ಏನಾಗುತ್ತದೆ?

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳು ಕೆಡುತ್ತವೆ. ಅತಿ ಉದ್ದದ ನರಗಳು ಮೊದಲು ಕೆಡುವುದರಿಂದ ಕಾಲ್ಬೆರಳ ತುದಿಯಲ್ಲಿ ತೊಂದರೆ ಶುರುವಾಗಿ ಮೇಲಕ್ಕೆ ಏರುತ್ತದೆ. ಕೆಲವರಿಗೆ ಜೋಮು, ರಾತ್ರಿ ಪಾದ ಉರಿ, ಹತ್ತಿಯ ಮೇಲೆ ನಡೆದಂಥ ಅನುಭವ ಆಗುತ್ತದೆ. ಇನ್ನು ಕೆಲವರಿಗೆ ಯಾವ ಸೂಚನೆಯೂ ಇಲ್ಲದೆ ಸ್ಪರ್ಶಜ್ಞಾನ ಸದ್ದಿಲ್ಲದೆ ಹೋಗಿಬಿಡುತ್ತದೆ. ಉರಿ ಇರುವವರು ಹೇಗೂ ಡಾಕ್ಟರ ಬಳಿ ಹೋಗುತ್ತಾರೆ. ಹೆಚ್ಚು ಅಪಾಯದಲ್ಲಿರುವವರು ಈ ಎರಡನೆಯ ಗುಂಪಿನವರು.

ಸ್ಪರ್ಶದ ನರಗಳ ಜೊತೆ ಬೆವರಿನ ನರಗಳೂ ಕೆಡುತ್ತವೆ. ಬೆವರು ಕಡಿಮೆಯಾಗಿ ಪಾದ ಒಣಗುತ್ತದೆ, ಹಿಮ್ಮಡಿ ಬಿರಿಯುತ್ತದೆ, ಬಿರುಕಿನೊಳಗೆ ರೋಗಾಣು ಸೇರುತ್ತದೆ. ಪಾದದ ಸಣ್ಣ ಸ್ನಾಯುಗಳನ್ನು ನಡೆಸುವ ನರಗಳು ದುರ್ಬಲವಾದಾಗ ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ. ಆಗ ಮೈಭಾರವೆಲ್ಲ ಬೆರಳ ಬುಡದ ಒಂದೆರಡು ಮೂಳೆಗಳ ಮೇಲೆ ಬಂದು ಅಲ್ಲಿ ಚರ್ಮ ದಡ್ಡುಗಟ್ಟುತ್ತದೆ. ಕಾಲಿಗೆ ಹೋಗುವ ರಕ್ತನಾಳಗಳೂ ಕಿರಿದಾಗಿದ್ದರೆ, ಬೀಡಿ ಸಿಗರೇಟಿನ ಚಟವೂ ಇದ್ದರೆ, ಆದ ಗಾಯ ಮಾಯುವುದು ಮತ್ತಷ್ಟು ನಿಧಾನ.

ಗಾಯ ಒಣಗದಿರಲು ಸಕ್ಕರೆಯೊಂದೇ ಕಾರಣವೆಂದು ನಾವು ತಿಳಿದಿದ್ದೇವೆ. ಅಷ್ಟೇ ದೊಡ್ಡ ಕಾರಣ ಇನ್ನೊಂದಿದೆ. ಇದನ್ನು ಎತ್ತಿ ತೋರಿಸಿದವರಲ್ಲಿ ಪ್ರಮುಖರು ತಮಿಳುನಾಡಿನ ವೆಲ್ಲೂರಿನಲ್ಲಿ ಕೆಲಸ ಮಾಡುತ್ತಿದ್ದ ಡಾ. ಪಾಲ್ ಬ್ರಾಂಡ್. 1946ರಲ್ಲಿ ಅಲ್ಲಿಗೆ ಬಂದ ಈ ಶಸ್ತ್ರವೈದ್ಯರು ಕುಷ್ಠರೋಗಿಗಳ ಕೈಕಾಲುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕುಷ್ಠದಿಂದ ಮಾಂಸ ತಾನಾಗಿ ಕೊಳೆತುಹೋಗುತ್ತದೆ ಎಂಬುದು ಅಂದಿನ ನಂಬಿಕೆ. ಹಾಗಲ್ಲ, ನೋವು ತಿಳಿಯದ ಪಾದದ ಮೇಲೆ ಒಂದೇ ಜಾಗದಲ್ಲಿ ಸಾವಿರಾರು ಸಲ ಭಾರ ಬೀಳುವುದರಿಂದ ಹುಣ್ಣಾಗುತ್ತದೆ ಎಂದು ಅವರು ತೋರಿಸಿದರು. ನಮಗೆ ಕಾಲಲ್ಲಿ ಒಂದು ಗುಳ್ಳೆ ಎದ್ದರೆ ಗೊತ್ತಿಲ್ಲದೆಯೇ ಕುಂಟುತ್ತೇವೆ, ಭಾರವನ್ನು ಆಚೆ ಬದಿಗೆ ಹಾಕುತ್ತೇವೆ. ಗಾಯಕ್ಕೆ ಬಿಡುವು ಸಿಗುವುದು ಹಾಗೆ. ನೋವಿಲ್ಲದವನು ಕುಂಟುವುದಿಲ್ಲ. ಗಾಯದ ಮೇಲೆಯೇ ನೇರವಾಗಿ ಕಾಲೂರಿ ಬಸ್ ಸ್ಟ್ಯಾಂಡಿಗೆ ಹೋಗುತ್ತಾನೆ, ಸಂತೆ ಸುತ್ತುತ್ತಾನೆ. ಮಧುಮೇಹದ ಪಾದದ ಹುಣ್ಣಿನಲ್ಲೂ ನಡೆಯುವುದು ಇದೇ. ಮುಲಾಮು ಎಷ್ಟೇ ದುಬಾರಿಯದಾದರೂ ಗಾಯದ ಮೇಲೆ ನಡೆಯುತ್ತಲೇ ಇದ್ದರೆ ಹುಣ್ಣು ಒಣಗದು.

ಹಾಗಾಗಿ ನೋವು ಮಾಡಬೇಕಿದ್ದ ಕೆಲಸವನ್ನು ಕಣ್ಣು ಮತ್ತು ಕೈ ಮಾಡಬೇಕು. ಮುಂದೆ ಹೇಳುವುದೆಲ್ಲ ಅದರ ವಿವರ.

ಸ್ಪರ್ಶ ಇದೆಯೇ? ಮನೆಯಲ್ಲೇ ನೋಡಿ

ಡಾಕ್ಟರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ ಸ್ಪರ್ಶ ಪರೀಕ್ಷಿಸುತ್ತಾರೆ. ಅದಿಲ್ಲದೆಯೂ ಮನೆಯವರು ಮಾಡಬಹುದಾದ ಸುಲಭದ ಪರೀಕ್ಷೆ ಒಂದಿದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಆಸ್ಪತ್ರೆಯಲ್ಲಿ ರೂಪುಗೊಂಡದ್ದರಿಂದ ಅದಕ್ಕೆ ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎಂದೇ ಹೆಸರು.

1. ಶುಗರ್ ಇರುವವರು ಕಾಲು ಚಾಚಿ ಮಲಗಲಿ, ಕಣ್ಣು ಮುಚ್ಚಿಕೊಳ್ಳಲಿ. ಎಡ ಯಾವುದು, ಬಲ ಯಾವುದು ಎಂದು ಮೊದಲೇ ಅವರ ಕಾಲು ಮುಟ್ಟಿ ಹೇಳಿ. ಸ್ಪರ್ಶ ತಿಳಿದಾಗ 'ಎಡ' ಅಥವಾ 'ಬಲ' ಎಂದು ಅವರು ಹೇಳಬೇಕು.

2. ನಿಮ್ಮ ತೋರುಬೆರಳ ತುದಿಯಿಂದ ಈ ಕ್ರಮದಲ್ಲಿ ಅವರ ಬೆರಳ ತುದಿಗಳನ್ನು ಮುಟ್ಟಿ: ಬಲಗಾಲಿನ ಹೆಬ್ಬೆರಳು, ಬಲಗಾಲಿನ ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಎಡಗಾಲಿನ ಕಿರುಬೆರಳು, ಬಲಗಾಲಿನ ಮಧ್ಯದ ಬೆರಳು, ಎಡಗಾಲಿನ ಮಧ್ಯದ ಬೆರಳು.

3. ಸ್ಪರ್ಶ ಹಗುರವಾಗಿರಲಿ, ಒಂದೆರಡು ಸೆಕೆಂಡು ಸಾಕು. ಒತ್ತಬಾರದು, ತಟ್ಟಬಾರದು, ಸವರಬಾರದು.

4. ಒಂದು ಬೆರಳನ್ನು ಒಂದೇ ಸಲ ಮುಟ್ಟಿ. ಗೊತ್ತಾಗಲಿಲ್ಲವೆಂದು ಮತ್ತೆ ಮುಟ್ಟುವುದು, "ಈಗ ಗೊತ್ತಾಯ್ತಾ?" ಎಂದು ಕೇಳುವುದು ಬೇಡ. ಕೇಳಿದರೆ ಪಾಪ, ನಮ್ಮ ಸಮಾಧಾನಕ್ಕಾದರೂ ಅವರು ಹೂಂ ಎನ್ನುತ್ತಾರೆ.

ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳ ಸ್ಪರ್ಶ ತಿಳಿಯದಿದ್ದರೆ ಪಾದ ಅಪಾಯದಲ್ಲಿದೆ ಎಂದರ್ಥ. ಡಾಕ್ಟರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ಸ್ಪರ್ಶ ಹೋಗಲು ಮಧುಮೇಹವೊಂದೇ ಕಾರಣವಾಗಬೇಕಿಲ್ಲ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಿಯೂ ನರಗಳು ಸೊರಗುತ್ತವೆ. ಅದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಔಷಧಿಯೂ ಇದೆ. ಹಾಗೆಂದು ಮೆಟ್‌ಫಾರ್ಮಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ.

ದಿನಕ್ಕೆ ಐದು ನಿಮಿಷ

ರಾತ್ರಿ ಮಲಗುವ ಮುಂಚೆ, ಒಳ್ಳೆಯ ಬೆಳಕಿನಲ್ಲಿ, ಎರಡೂ ಪಾದಗಳನ್ನು ನೋಡಿಕೊಳ್ಳಿ. ಅಂಗಾಲು, ಹಿಮ್ಮಡಿಯ ಸುತ್ತ, ಬೆರಳುಗಳ ತುದಿ ಮತ್ತು ಮೇಲ್ಭಾಗ, ಪ್ರತಿಯೊಂದು ಬೆರಳಿನ ಸಂದಿ. ಕೆಂಪಾದ ಜಾಗ, ಗುಳ್ಳೆ, ಬಿರುಕು, ದಡ್ಡಿನೊಳಗೆ ಕಪ್ಪು ಚುಕ್ಕೆ, ಉಗುರಿನ ಬದಿಯಲ್ಲಿ ಊತ, ಇವನ್ನು ಹುಡುಕಿ. ದಡ್ಡಿನ ಒಳಗೆ ಕಪ್ಪಾಗಿ ಕಂಡರೆ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಹುಣ್ಣು ಆಗಲೇ ಶುರುವಾಗಿರಬಹುದು ಎಂದು ತಿಳಿಯಿರಿ. ನಂತರ ಕೈಯ ಹಿಂಭಾಗವನ್ನು ಎರಡೂ ಪಾದಗಳಿಗೆ ತಾಗಿಸಿ ನೋಡಿ. ಒಂದು ಪಾದದ ಒಂದು ಜಾಗ ಇನ್ನೊಂದಕ್ಕಿಂತ ಬಿಸಿಯಿದ್ದರೆ ಅಲ್ಲಿ ಏನೋ ಕೆಡುತ್ತಿದೆ.

ಬಗ್ಗಲು ಆಗದವರು, ಹೊಟ್ಟೆ ಅಡ್ಡ ಬರುವವರು ನೆಲದ ಮೇಲೊಂದು ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿಯಬಹುದು. ಮೊಬೈಲಿನಲ್ಲಿ ಅಂಗಾಲಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡುವುದು ಇನ್ನೂ ಸುಲಭ. ಹಳೆಯ ಶುಗರ್ ಇರುವವರಿಗೆ ಕಣ್ಣಿನ ದೃಷ್ಟಿಯೂ ಕುಂದಿರುವ ಸಾಧ್ಯತೆ ಇರುವುದರಿಂದ ಮನೆಯಲ್ಲಿ ಇನ್ನೊಬ್ಬರು ನೋಡುವುದೇ ವಾಸಿ. ಅಪ್ಪನ ಕಾಲನ್ನು ಮಗಳು ನೋಡಲಿ, ಅಜ್ಜಿಯ ಕಾಲನ್ನು ಮೊಮ್ಮಗ ನೋಡಲಿ. ಹಿರಿಯರು ಸಂಕೋಚದಿಂದ ಬೇಡವೆಂದರೂ ಬಿಡಬೇಡಿ.

ತೊಳೆಯುವುದಕ್ಕೆ ಸಾಧಾರಣ ಸೋಪು, ಉಗುರುಬೆಚ್ಚಗಿನ ನೀರು ಸಾಕು. ನೀರಿನ ಬಿಸಿಯನ್ನು ಪಾದದಿಂದ ಪರೀಕ್ಷಿಸಬಾರದು, ಮೊಣಕೈ ಅದ್ದಿ ನೋಡಬೇಕು. ಬಹಳ ವರ್ಷದ ಶುಗರ್ ಇರುವವರ ಬೆರಳುಗಳಿಗೂ ಬಿಸಿ ಸರಿಯಾಗಿ ತಿಳಿಯದಿರಬಹುದು. ಹಂಡೆಯ ಕುದಿನೀರಿಗೆ ತಣ್ಣೀರು ಬೆರೆಸುವ ಮನೆಗಳಲ್ಲಂತೂ ಬೇರೆ ಯಾರಾದರೂ ಹದ ನೋಡಿ ಕೊಡಲಿ. ಕಾಲನ್ನು ಬಹಳ ಹೊತ್ತು ನೆನೆಹಾಕುವುದು ಬೇಡ. ಚರ್ಮ ಮೊದಲು ಮೆತ್ತಗಾಗಿ ಆಮೇಲೆ ಇನ್ನಷ್ಟು ಒಣಗುತ್ತದೆ.

ತೊಳೆದ ಮೇಲೆ ಬೆರಳ ಸಂದಿಗಳನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ. ಮಳೆಗಾಲದಲ್ಲಿ, ಗದ್ದೆ ಕೆಲಸದವರಲ್ಲಿ ಸಂದಿಗಳಲ್ಲಿ ಕೆಸರು ಹುಣ್ಣು ಬರುವುದು ಈ ತೇವದಿಂದಲೇ. ಪಾದದ ಮೇಲೆ, ಅಡಿಯಲ್ಲಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ತೆಳ್ಳಗೆ ಹಚ್ಚಿ. ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ. ಎಣ್ಣೆ ಹಚ್ಚಿದ ಕಾಲಲ್ಲಿ ಜಾರುವ ಭಯವಿರುವುದರಿಂದ ಇದು ಮಲಗುವ ಹೊತ್ತಿನ ಕೆಲಸ.

ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಆಳಕ್ಕೆ ಕೊರೆಯಬೇಡಿ. ಕೊರೆದ ಮೂಲೆ ಮತ್ತೆ ಬೆಳೆಯುವಾಗ ಮಾಂಸದೊಳಗೆ ಚುಚ್ಚುತ್ತದೆ. ಸ್ನಾನವಾದ ಮೇಲೆ ಉಗುರು ಮೆತ್ತಗಿದ್ದಾಗ ಕತ್ತರಿಸುವುದು ಸುಲಭ. ಬ್ಲೇಡು ಮುಟ್ಟಲೇಬೇಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮದುವೆಯಲ್ಲಿ ಹಾಕಿದ ಕಾಲುಂಗುರ ಐವತ್ತನೆಯ ವಯಸ್ಸಿಗೆ ಬಿಗಿಯಾಗಿರುತ್ತದೆ. ಕಾಲು ಊದಿದಾಗ ಅದು ಬೆರಳಿಗೆ ಕಚ್ಚಿ ಹಿಡಿಯುತ್ತದೆ, ಸ್ಪರ್ಶ ಇಲ್ಲದಿದ್ದರೆ ಗೊತ್ತೂ ಆಗುವುದಿಲ್ಲ. ಉಂಗುರ ಸಲೀಸಾಗಿ ತಿರುಗದಿದ್ದರೆ ಅಕ್ಕಸಾಲಿಗರಿಂದ ಸಡಿಲ ಮಾಡಿಸಿ, ಅಡಿಯ ಚರ್ಮವನ್ನು ಆಗಾಗ ನೋಡಿ. ಗಾಯವೋ ಊತವೋ ಇದ್ದಾಗ ತೆಗೆದಿಡಿ. ತೆಗೆಯಬಾರದೆಂದು ಅತ್ತೆಯವರು ಅಂದರೆ ಈ ಪುಟವನ್ನು ಅವರಿಗೂ ಓದಿ ಹೇಳಿ.

ಚಪ್ಪಲಿ: ಇದೇ ಮುಖ್ಯ ಔಷಧಿ

ನಾವು ಹೆಚ್ಚಾಗಿ ಹಾಕುವುದು ಹೆಬ್ಬೆರಳ ಸಂದಿಗೆ ಬಾರು ಸಿಕ್ಕಿಸುವ ಹವಾಯಿ ಚಪ್ಪಲಿ. ಸ್ಪರ್ಶ ಹೋದ ಪಾದಕ್ಕೆ ಅದು ಎರಡು ರೀತಿಯಲ್ಲಿ ಕೆಟ್ಟದ್ದು. ಬಾರು ಸಂದಿಯ ತೆಳು ಚರ್ಮವನ್ನು ಉಜ್ಜಿ ಉಜ್ಜಿ ಹುಣ್ಣು ಮಾಡುತ್ತದೆ. ಚಪ್ಪಲಿ ಕಾಲಿನಿಂದ ಕಳಚಿ ಬಿದ್ದರೂ ತಿಳಿಯುವುದಿಲ್ಲ. ಒಂದು ಕಾಲಿನಲ್ಲಿ ಚಪ್ಪಲಿ ಇಲ್ಲದೆಯೇ ಎಷ್ಟೋ ದೂರ ನಡೆದು ಹೋಗುವವರಿದ್ದಾರೆ.

ಬೇಕಾದದ್ದು ಇಂಥ ಚಪ್ಪಲಿ: ಒಳಗಿನ ಹಾಸು ಮೆತ್ತಗಿರಬೇಕು, ಹೊರ ಅಟ್ಟೆ ಮುಳ್ಳು ಮೊಳೆ ತೂರದಷ್ಟು ಗಟ್ಟಿ ಇರಬೇಕು, ಮುಂಭಾಗ ಅಗಲವಾಗಿರಬೇಕು, ಹಿಮ್ಮಡಿಯ ಹಿಂದೆ ಪಟ್ಟಿ ಇರಬೇಕು. ಪಟ್ಟಿಗಳು ಅಂಟಿಸಿ ಬಿಚ್ಚುವಂಥವಾದರೆ ಊತ ಹೆಚ್ಚುಕಡಿಮೆ ಆದಂತೆ ಸಡಿಲಿಸಬಹುದು. ಒಳಹಾಸಿಗೆ ಎಂಸಿಆರ್ ಎಂಬ ರಬ್ಬರು ಬಳಸುತ್ತಾರೆ. ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿದ ಈ ರಬ್ಬರಿನ ಚಪ್ಪಲಿ ರೂಪುಗೊಂಡದ್ದೂ ವೆಲ್ಲೂರಿನಲ್ಲಿ, ಕುಷ್ಠರೋಗಿಗಳಿಗಾಗಿಯೇ. ಇಂದಿಗೂ ದೇಶದ ಕುಷ್ಠ ನಿರ್ಮೂಲನಾ ಕಾರ್ಯಕ್ರಮದಡಿ ಎಂಸಿಆರ್ ಚಪ್ಪಲಿ ಕೊಡುತ್ತಾರೆ. ಮಧುಮೇಹಿಗಳಿಗೆಂದು ಮಾರುವ ಚಪ್ಪಲಿಗಳಲ್ಲೂ ಇದೇ ಹಾಸು ಸಿಗುತ್ತದೆ. ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ: ಸುಲಭವಾಗಿ ತಗ್ಗಬೇಕು, ಬಿಟ್ಟ ಕೂಡಲೇ ಮೇಲೇಳಬೇಕು. ಒತ್ತಿದ ಗುಂಡಿ ಹಾಗೆಯೇ ಉಳಿದರೆ ಆ ಹಾಸಿನಿಂದ ಪ್ರಯೋಜನವಿಲ್ಲ. ಚಪ್ಪಲಿ ಹೊಸದಾಗಿದ್ದಾಗ ಎಷ್ಟೇ ಚೆನ್ನಾಗಿರಲಿ, ವರ್ಷದೊಳಗೆ ಹಾಸು ಚಪ್ಪಟೆಯಾದರೆ ಬದಲಿಸಿ.

ಚಪ್ಪಲಿ, ಬೂಟು ಕೊಳ್ಳಲು ಸಂಜೆ ಹೋಗಿ. ದಿನವಿಡೀ ನಡೆದು ನಿಂತು ಪಾದ ಸ್ವಲ್ಪ ಊದಿರುತ್ತದೆ, ಆಗ ಸರಿಹೋದದ್ದು ಯಾವಾಗಲೂ ಸರಿಹೋಗುತ್ತದೆ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್" ಎಂಬ ಅಂಗಡಿಯವರ ಮಾತಿಗೆ ಒಪ್ಪಬೇಡಿ. ಸ್ಪರ್ಶವಿಲ್ಲದವರಿಗೆ ಸರಿಯಾದ ಅಳತೆ ಸಡಿಲ ಎನಿಸುತ್ತದೆ, ಬಿಗಿಯಾದದ್ದು ಮಾತ್ರ ಕಾಲಿನಲ್ಲಿದೆ ಎನಿಸುತ್ತದೆ. ಹಾಗಾಗಿ ತೀರಾ ಚಿಕ್ಕ ಅಳತೆ ಕೊಳ್ಳುವುದು ಸಾಮಾನ್ಯ. ಹಾಳೆಯ ಮೇಲೆ ಪಾದ ಇಟ್ಟು ಸುತ್ತ ಗೆರೆ ಎಳೆದು, ಆ ಗೆರೆಯನ್ನು ಚಪ್ಪಲಿಯ ತಳಕ್ಕೆ ಹೋಲಿಸಿ ಕೊಳ್ಳುವುದು ಸುರಕ್ಷಿತ. ಹೊಸದನ್ನು ಮೊದಲ ದಿನ ಮನೆಯಲ್ಲೇ ಒಂದು ಗಂಟೆ ಹಾಕಿ, ಕಳಚಿ, ಪಾದದಲ್ಲಿ ಕೆಂಪು ಬಿದ್ದಿದೆಯೇ ನೋಡಿ. ಬೂಟು ಹಾಕುವವರು ಪ್ರತಿ ಸಲ ಕೈ ತೂರಿಸಿ ಒಳಗೆ ಕಲ್ಲು, ಮಡಿಚಿದ ಹಾಸು, ಎದ್ದ ಮೊಳೆ ಇದೆಯೇ ತಡವಿ ನೋಡಬೇಕು. ಕಾಲುಚೀಲ ಹತ್ತಿಯದು, ತಿಳಿಬಣ್ಣದ್ದು ಇರಲಿ. ರಕ್ತ ಕೀವು ಒಸರಿದರೆ ತಿಳಿಬಣ್ಣದ ಮೇಲೆ ತಕ್ಷಣ ಕಾಣುತ್ತದೆ.

ಬರಿಗಾಲು: ಮನೆ, ಗದ್ದೆ, ಗುಡಿ

ಹೊಸ್ತಿಲಾಚೆ ಚಪ್ಪಲಿ ಬಿಡುವುದು ನಮ್ಮ ರೂಢಿ. ಆದರೆ ಮನೆಯೊಳಗೂ ಸೂಜಿ, ಪಿನ್ನು, ಒಡೆದ ಬಲ್ಬಿನ ಚೂರು, ಒಲೆಯಿಂದ ಸಿಡಿದ ಕೆಂಡ, ಬಾಗಿಲ ಮೂಲೆ ಇವೆ. ಮನೆಯೊಳಗೆಂದೇ ಒಂದು ಜೊತೆ ಚಪ್ಪಲಿ ಬೇರೆ ಇಡಿ, ಅದು ಹೊರಗೆ ಹೋಗುವುದು ಬೇಡ. ಮಡಿ ಪಾಲಿಸುವ ಮನೆಯಲ್ಲಿ ಚರ್ಮದ್ದಲ್ಲದ ಚಪ್ಪಲಿ ತಂದರೆ ಹಿರಿಯರ ಆಕ್ಷೇಪ ಅರ್ಧ ಕಡಿಮೆಯಾದೀತು. ರಾತ್ರಿ ಬಚ್ಚಲಿಗೆ ಎದ್ದಾಗಲೂ ಹಾಕಲು ಅನುವಾಗುವಂತೆ ಮಂಚದ ಪಕ್ಕ ಇಡಿ.

ರಾತ್ರಿಯ ಇನ್ನೊಂದು ಅಪಾಯ ಇಲಿ. ಹಳ್ಳಿಯ ಮನೆಗಳಲ್ಲಿ, ದಿನಸಿ ಮೂಟೆ ಇರುವ ಕೋಣೆಯಲ್ಲಿ ಮಲಗುವವರ ಮರಗಟ್ಟಿದ ಬೆರಳನ್ನು ಇಲಿ ಕಚ್ಚಿ ತಿಂದರೂ ಎಚ್ಚರವಾಗುವುದಿಲ್ಲ. ಕೇಳಲು ವಿಚಿತ್ರ ಎನಿಸಿದರೂ ಮಧುಮೇಹಿಗಳ ಪಾದಕ್ಕೆ ಚಿಕಿತ್ಸೆ ನೀಡುವ ನಮ್ಮ ದೇಶದ ವೈದ್ಯರು ಇದನ್ನು ಮತ್ತೆ ಮತ್ತೆ ದಾಖಲಿಸಿದ್ದಾರೆ. ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿ, ಅಥವಾ ಕಾಲುಚೀಲ ಹಾಕಿಕೊಳ್ಳಿ. ಊಟವಾದ ಮೇಲೆ ಕಾಲಿಗೆ ಅನ್ನದ ಅಗುಳು ಅಂಟಿರದಂತೆ ತೊಳೆಯಿರಿ.

ಚಳಿಗಾಲದಲ್ಲಿ ಪಾದ ತಣ್ಣಗಿದೆಯೆಂದು ಒಲೆಯ ಮುಂದೆ ಕಾಲು ಚಾಚುವುದು, ಬಿಸಿನೀರಿನ ಚೀಲ ಇಟ್ಟು ಮಲಗುವುದು, ಉಪ್ಪಿನ ಶಾಖ ಕೊಡುವುದು, ಮೂರೂ ಸುಡುತ್ತವೆ. ಕಾಲುಚೀಲ ಸಾಕು. ಇಂಜಿನ್ನಿನ ಬಿಸಿ ಬಡಿಯುವ ಜಾಗದಲ್ಲಿ ಪಾದ ಇಟ್ಟು ದೂರದ ಪ್ರಯಾಣ ಮಾಡಬೇಡಿ. ಬೈಕಿನ ಸೈಲೆನ್ಸರಿನ ಬಗ್ಗೆಯೂ ಎಚ್ಚರವಿರಲಿ.

ಹೊಲಗದ್ದೆಯವರಿಗೆ ಚಪ್ಪಲಿ ಹಾಕಿ ಎನ್ನುವುದು ಸುಲಭ, ಕೆಸರಲ್ಲಿ ಅದು ನಿಲ್ಲುವುದಿಲ್ಲ. ನಾಟಿಯ ಕೆಲಸಕ್ಕೆ ಗಮ್ ಬೂಟು ಒಂದು ದಾರಿ, ಒಳಗೆ ಕಾಲುಚೀಲ ಕಡ್ಡಾಯ. ರಾಗಿ, ಜೋಳ ಕೊಯ್ದ ಹೊಲದ ಕೂಳೆಗಳ ನಡುವೆ ಮಾತ್ರ ಯಾವ ಕಾರಣಕ್ಕೂ ಬರಿಗಾಲಲ್ಲಿ ಓಡಾಡಬೇಡಿ. ಸ್ಪರ್ಶ ಪೂರ್ತಿ ಹೋದವರು ನಾಟಿಗೆ ಇಳಿಯದೆ ಬದುವಿನ ಮೇಲಿನ ಕೆಲಸ ಮಾಡುವಂತೆ ಮನೆಯವರು ಕೆಲಸ ಹಂಚಿಕೊಳ್ಳಲಿ.

ಇನ್ನು ಗುಡಿ. ಮಾರ್ಚಿನಿಂದ ಮೇವರೆಗಿನ ಮಧ್ಯಾಹ್ನ ಗುಡಿಯ ಅಂಗಳದ ಕಲ್ಲುಹಾಸು ನಿಂತಲ್ಲಿ ನಿಲ್ಲಲಾಗದಷ್ಟು ಕಾಯುತ್ತದೆ. ಸ್ಪರ್ಶ ಇದ್ದವರು ಹಾರುತ್ತ ನೆರಳಿಗೆ ಓಡುತ್ತಾರೆ. ಇಲ್ಲದವರು ನಿಧಾನವಾಗಿ ಪ್ರದಕ್ಷಿಣೆ ಮುಗಿಸಿ ಬರುತ್ತಾರೆ, ಸಂಜೆಗೆ ಅಂಗಾಲಿನ ತುಂಬ ಬೊಬ್ಬೆ. ಶ್ರವಣಬೆಳಗೊಳದ ವಿಂಧ್ಯಗಿರಿಯಂಥ ಕಡೆ ಬುಡದಲ್ಲೇ ಪಾದರಕ್ಷೆ ಬಿಟ್ಟು ಆರುನೂರಕ್ಕೂ ಹೆಚ್ಚು ಮೆಟ್ಟಿಲು ಬಂಡೆಯ ಮೇಲೆ ಹತ್ತಬೇಕು. ಇಂಥಲ್ಲಿಗೆ ಬೆಳಗಿನ ಜಾವ ಹೋಗಿ, ದಪ್ಪ ಕಾಲುಚೀಲ ಹಾಕಿ, ಬಿಸಿಲೇರುವ ಮುಂಚೆ ಇಳಿದುಬಿಡಿ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಚಾರ್ಮಾಡಿ ಘಾಟಿಯ ಮೂಲಕ ನಡೆದು ಹೋಗುವವರು, ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು, ಅಯ್ಯಪ್ಪ ಮಾಲೆ ಹಾಕಿ 41 ದಿನ ಬರಿಗಾಲಲ್ಲಿರುವವರು ಮೊದಲು ಮೇಲೆ ಹೇಳಿದ ಸ್ಪರ್ಶ ಪರೀಕ್ಷೆ ಮಾಡಿಸಿಕೊಳ್ಳಿ. ಸ್ಪರ್ಶ ಹೋಗಿದ್ದರೆ ಬರಿಗಾಲಿನ ಹರಕೆ ಬೇಡ. ಹರಕೆಯನ್ನು ಬೇರೆ ರೀತಿಯಲ್ಲಿ ತೀರಿಸಲು ದಾರಿಗಳಿವೆ, ಮನೆಯ ಪುರೋಹಿತರನ್ನೋ ಗುರುಸ್ವಾಮಿಗಳನ್ನೋ ಕೇಳಿ. ಭಕ್ತಿಗೆ ಕುಂದು ತರುವ ಉದ್ದೇಶ ನನಗಿಲ್ಲ, ಆದರೆ ಈ ವಿಷಯದಲ್ಲಿ ರಿಯಾಯಿತಿಯ ಮಾತು ಹೇಳಲು ಮನಸ್ಸು ಒಪ್ಪುವುದಿಲ್ಲ.

ಗಾಯ ಆಗಿಯೇಬಿಟ್ಟರೆ

1. ಕೂಡಲೇ ಕೂತುಬಿಡಿ. ಆ ಕಾಲಿನ ಮೇಲೆ ಭಾರ ಹಾಕುವುದನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ.

2. ಶುದ್ಧವಾದ ಹರಿಯುವ ನೀರಿನಲ್ಲಿ, ಇಲ್ಲವೇ ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಿರಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ. ಅವು ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುತ್ತವೆ.

3. ಆಳಕ್ಕೆ ನಾಟಿದ ಮೊಳೆ, ಕಡ್ಡಿಯನ್ನು ನೀವೇ ಕೆದಕಬೇಡಿ. ಗುಳ್ಳೆಯನ್ನು ಒಡೆಯಬೇಡಿ.

4. ಔಷಧಿ ಅಂಗಡಿಯಲ್ಲಿ ಸಿಗುವ ಶುದ್ಧ ಗಾಜ್ (gauze) ಬಟ್ಟೆ ಇಟ್ಟು ಹಗುರವಾಗಿ ಮುಚ್ಚಿ. ಬೆರಳಿನ ಸುತ್ತ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ರಕ್ತಸಂಚಾರ ನಿಲ್ಲುತ್ತದೆ.

5. ಅದೇ ದಿನ, ತಪ್ಪಿದರೆ ಮರುದಿನ ಬೆಳಿಗ್ಗೆ ಡಾಕ್ಟರಿಗೆ ತೋರಿಸಿ. ಧನುರ್ವಾಯು ತಡೆಯುವ ಇಂಜೆಕ್ಷನ್ ಬೇಕೇ ಕೇಳಿ. ಸಕ್ಕರೆ ಪರೀಕ್ಷಿಸಿ.

ಡಾಕ್ಟರು ಗಾಯದ ಸುತ್ತಲಿನ ದಡ್ಡು ಚರ್ಮವನ್ನು ಹೆರೆದು ತೆಗೆದಾಗ "ಚಿಕ್ಕ ಗಾಯವನ್ನು ದೊಡ್ಡದು ಮಾಡಿಬಿಟ್ಟರು" ಎಂದು ಮನೆಯವರು ಗಾಬರಿಯಾಗಿ ಬೇರೆ ಕಡೆ ಹೋಗುವುದುಂಟು. ದಡ್ಡು ತಾನೇ ಗಟ್ಟಿಯಾಗಿ ಒಳಗಿನ ಮಾಂಸವನ್ನು ಒತ್ತುತ್ತಿರುತ್ತದೆ, ಹುಣ್ಣಿನ ನಿಜವಾದ ಅಗಲವನ್ನೂ ಮುಚ್ಚಿರುತ್ತದೆ. ಅದನ್ನು ತೆಗೆಯದೆ ಹುಣ್ಣು ಮಾಯುವುದಿಲ್ಲ. ಮೂಳೆ ಮುರಿಯದಿದ್ದರೂ ಕಾಲಿಗೆ ಪ್ಲಾಸ್ಟರ್ ಹಾಕುವುದೂ ಒತ್ತಡ ತಗ್ಗಿಸಲೆಂದೇ: ಭಾರ ಅಂಗಾಲಿನ ಒಂದೇ ಚುಕ್ಕೆಯ ಮೇಲೆ ಬೀಳದೆ ಇಡೀ ಪಾದ ಮತ್ತು ಮೀನಖಂಡಕ್ಕೆ ಹಂಚಿಹೋಗುತ್ತದೆ. ಆರೆಂಟು ವಾರ ಅದರಲ್ಲಿರುವುದು ಕಷ್ಟವೇ, ಆದರೂ ಇರಿ. ಬಚ್ಚಲಿಗೆ ನಾಲ್ಕು ಹೆಜ್ಜೆ ತಾನೇ ಎಂದು ಕಳಚಬಹುದಾದ ಪ್ಲಾಸ್ಟರ್ ಬೂಟನ್ನು ತೆಗೆದಿಟ್ಟು ನಡೆಯುವುದರಿಂದಲೇ ಚಿಕಿತ್ಸೆ ಸೋಲುತ್ತದೆ.

ಒಮ್ಮೆ ವಾಸಿಯಾದ ಹುಣ್ಣು ಹತ್ತರಲ್ಲಿ ಸುಮಾರು ನಾಲ್ವರಿಗೆ ಒಂದು ವರ್ಷದೊಳಗೆ ಮರುಕಳಿಸುತ್ತದೆ. ಗಾಯ ಒಣಗಿದ ದಿನ ಹಳೆಯ ಹವಾಯಿ ಚಪ್ಪಲಿಗೆ ಮರಳಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಅರಿಶಿನ, ಕಾಫಿ ಪುಡಿ, ಸುಣ್ಣ, ಬೀಡಿಯ ಬೂದಿ ತುಂಬುವುದು. ಅಡುಗೆಮನೆಯ ಅರಿಶಿನ ಶುದ್ಧೀಕರಿಸಿದ್ದಲ್ಲ, ಮೇಲಾಗಿ ಪುಡಿ ತುಂಬಿದ ಗಾಯದ ಆಳ, ಬಣ್ಣ, ಕೀವು ಡಾಕ್ಟರಿಗೆ ಕಾಣುವುದಿಲ್ಲ. ಮುಳ್ಳು ತೆಗೆಯಲು ಎಕ್ಕದ ಹಾಲು ಬಿಡುವುದು ಚರ್ಮವನ್ನೇ ಸುಡುತ್ತದೆ.

ಆಣಿಗೆ ಔಷಧಿ ಅಂಗಡಿಯ ಪಟ್ಟಿ ಅಂಟಿಸುವುದು. ಅದರಲ್ಲಿ ಇರುವುದು ಚರ್ಮ ಕರಗಿಸುವ ಆಮ್ಲ. ಆಣಿ ಎಲ್ಲಿ ಮುಗಿದು ಒಳ್ಳೆಯ ಚರ್ಮ ಎಲ್ಲಿ ಶುರುವಾಗುತ್ತದೆ ಎಂದು ಅದಕ್ಕೆ ಗೊತ್ತಾಗದು. ನೋವಾಗದ ಕಾಲಾದರೆ ನಿಮಗೂ ಗೊತ್ತಾಗದು. ದಡ್ಡನ್ನು ಬ್ಲೇಡಿನಿಂದ ಕೆತ್ತುವುದು, ಕಾಲು ಉಜ್ಜುವ ಕಲ್ಲಿನಿಂದ ಜೋರಾಗಿ ತಿಕ್ಕುವುದೂ ಹೀಗೆಯೇ.

ನೋವಿಲ್ಲದೆ ಊದಿದ ಪಾದವನ್ನು ಉಳುಕು ಎಂದು ತಿಳಿಯುವುದು. ಒಂದೇ ಪಾದ ಕೆಂಪಾಗಿ, ಬಿಸಿಯಾಗಿ ಊದಿ, ಗಾಯವೂ ಇಲ್ಲ, ಅಂಥ ನೋವೂ ಇಲ್ಲ ಎಂದರೆ ಒಳಗೆ ಮೂಳೆಗಳು ಬಿರುಕು ಬಿಟ್ಟು ಕೀಲುಗಳು ಕುಸಿಯುತ್ತಿರಬಹುದು. ಇದಕ್ಕೆ ಶಾರ್ಕೋ ಪಾದ ಎನ್ನುತ್ತಾರೆ. ಎಣ್ಣೆ ಹಚ್ಚಿ ತಿಕ್ಕಿಸಿ, ಕಟ್ಟು ಕಟ್ಟಿಸಿ ಓಡಾಡಿದರೆ ಕೆಲವೇ ವಾರಗಳಲ್ಲಿ ಪಾದದ ಕಮಾನು ಕುಸಿದು ತೊಟ್ಟಿಲಂತೆ ಬಾಗುತ್ತದೆ. ಆಗ ಅದನ್ನು ಮೊದಲಿನಂತೆ ಮಾಡಲಾಗದು. ಕಾಲೂರದೆ ಬೇಗ ವೈದ್ಯರಲ್ಲಿಗೆ ಹೋಗಿ.

ಹಳೆಯ ಚೀಟಿ ತೋರಿಸಿ ಆಂಟಿಬಯಾಟಿಕ್ ಕೊಳ್ಳುವುದು. ಹುಣ್ಣಿಗೆ ಸೋಂಕು ತಗುಲಿದೆಯೇ, ಮೂಳೆಗೆ ಇಳಿದಿದೆಯೇ ಎಂದು ನೋಡದೆ ನುಂಗಿದ ಮಾತ್ರೆ ಅಮೂಲ್ಯ ದಿನಗಳನ್ನು ತಿನ್ನುತ್ತದೆ.

ಕಾಯಬಾರದ ಲಕ್ಷಣಗಳು

ಗಾಯದ ಸುತ್ತ ಹರಡುವ ಕೆಂಪು, ಕೀವು, ಕೆಟ್ಟ ವಾಸನೆ, ಬೆರಳು ನೀಲಿ ಅಥವಾ ಕಪ್ಪಾಗುವುದು, ಚಳಿಜ್ವರ, ಕಾರಣವಿಲ್ಲದೆ ಸಕ್ಕರೆ ಒಮ್ಮೆಲೇ ಏರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ, ಹಬ್ಬ ಮುಗಿಯಲಿ ಎನ್ನುವ ವಿಷಯ ಇದಲ್ಲ. ಪಾದದ ಸೋಂಕು ಒಂದೆರಡು ದಿನದಲ್ಲಿ ಬೆರಳಿನಿಂದ ಮೀನಖಂಡಕ್ಕೆ ಏರಬಲ್ಲದು. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದು, ನಿಂತರೆ ಸರಿಹೋಗುವುದು ರಕ್ತನಾಳ ಕಿರಿದಾದ ಸೂಚನೆ. ಇದು ಅದೇ ರಾತ್ರಿಯ ತುರ್ತಲ್ಲದಿದ್ದರೂ ಆ ವಾರವೇ ತೋರಿಸಬೇಕಾದದ್ದು.

ಎಲ್ಲವೂ ಸರಿಯಿದ್ದರೂ ವರ್ಷಕ್ಕೊಮ್ಮೆ ಪಾದ ತೋರಿಸಬೇಕು. ಸ್ಪರ್ಶ ಹೋಗಿದ್ದರೆ ಆರು ತಿಂಗಳಿಗೊಮ್ಮೆಯಾದರೂ, ಹಿಂದೆ ಹುಣ್ಣಾಗಿದ್ದರೆ ಒಂದರಿಂದ ಮೂರು ತಿಂಗಳಿಗೊಮ್ಮೆ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಸಾಂಕ್ರಾಮಿಕವಲ್ಲದ ರೋಗಗಳ (ಎನ್‌ಸಿಡಿ) ಕ್ಲಿನಿಕ್‌ಗಳಲ್ಲಿ ಮಧುಮೇಹಿಗಳನ್ನು ನೋಡುತ್ತಾರೆ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆಯಲ್ಲಿ ಪಾದಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಮುಂದಿನ ಸಲ ಶುಗರ್ ತೋರಿಸಲು ಹೋದಾಗ ಡಾಕ್ಟರು ವರದಿ ನೋಡಿ, ಮಾತ್ರೆ ಬರೆದು, ಮುಂದಿನವರನ್ನು ಕರೆಯುವ ಆತುರದಲ್ಲಿರಬಹುದು. ಅವರು ಕೇಳಲಿ ಬಿಡಲಿ, ನೀವು ಕೂತ ಕೂಡಲೇ ಚಪ್ಪಲಿ, ಕಾಲುಚೀಲ ಕಳಚಿ, "ಸ್ವಲ್ಪ ನನ್ನ ಪಾದ ನೋಡಿ ಡಾಕ್ಟರೇ" ಎಂದು ಕೇಳಿ. ನೋಡಿಸಿಕೊಳ್ಳದೆ ಎದ್ದು ಬರಬೇಡಿ.